ಹವೀಜ ಹಾಕದ ಖಾರದ ಪುಡಿ

ಹೋದ ತಿಂಗಳು ಬೇರೊಬ್ಬರ ಕೆಲಸಕ್ಕೆಂದು ಹೊಳೆನರಸೀಪುರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ನಡೆದು ಆ ಬೀದಿಯ ತಿರುವಿಗೆ ಬರುತ್ತಿದ್ದಂತೆ ನನ್ನ ಕೈ ತಾನಾಗಿಯೇ ಜೇಬಿನ ಕರ್ಚೀಫಿಗೆ ಹೋಯಿತು. ಅಲ್ಲಿಂದ ಮುಂದೆ ಸೀನದೆ ದಾಟಿದವರಿಲ್ಲ. ಆದರೆ ಸೀನು ಬರಲಿಲ್ಲ. ಖಾರದ ಮಿಲ್ಲು ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರು, ಚಾರ್ಜರು ಮಾರುವ ಅಂಗಡಿ ಬಂದಿದೆ. ಗಾಜಿನ ಬಾಗಿಲು, ಒಳಗೆ ಬಣ್ಣದ ದೀಪ. ಎದುರಿಗೆ ನಿಂತು ಸ್ವಲ್ಪ ಹೊತ್ತು ನೋಡಿದೆ. ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಬಹಳ ಜನರ ಮೇಲೆ. ಅದರಲ್ಲಿ ದೊಡ್ಡ ಪಾಲು ಮಾತ್ರ ಆ ಮಿಲ್ಲಿನ ಒಡತಿಗೇ ಸೇರಬೇಕು.

ಊರಿನವರು ಅವರನ್ನು ಮಿಲ್ಲಕ್ಕ ಎನ್ನುತ್ತಿದ್ದರು. ನಾನು ಅಕ್ಕ ಎನ್ನುತ್ತಿದ್ದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಕಡೆಯಿಂದ ಮದುವೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ಮಿಲ್ಲನ್ನು ತಾವೇ ನಡೆಸಿದರು. ಒಂದು ಕಡೆ ರಾಗಿಯ ಮಿಷನ್ನು, ಗೋಡೆಯಾಚೆ ಖಾರದ ಮಿಷನ್ನು. ಹುಬ್ಬು, ರೆಪ್ಪೆ, ಕಿವಿಯ ಓಲೆ, ಎಲ್ಲದರ ಮೇಲೂ ಒಂದು ಪದರ ಕೆಂಪು ಧೂಳು. ಇಡೀ ಬೀದಿ ಸೀನುತ್ತಿದ್ದರೂ ಅವರು ಸೀನಿದ್ದನ್ನು ನಾನು ನೋಡಿಲ್ಲ. ಮಿಷನ್ನಿನ ಗದ್ದಲದಲ್ಲಿ ಮಾತಾಡಿ ಮಾತಾಡಿ ದನಿ ದೊಡ್ಡದಾಗಿಬಿಟ್ಟಿತ್ತು. ಮಿಷನ್ನು ನಿಂತಿದ್ದಾಗಲೂ ಅದೇ ದನಿ, ಫೋನಿನಲ್ಲೂ ಅದೇ ದನಿ. ಅವರ ಫೋನು ಬಂದರೆ ನಾನು ಮೊಬೈಲನ್ನು ಮೇಜಿನ ಮೇಲಿಟ್ಟು, ಸ್ವಲ್ಪ ದೂರ ಕೂತು ಮಾತಾಡುತ್ತಿದ್ದೆ.

ನನ್ನದು ಹಾಸನದಲ್ಲಿ ವೆಬ್‌ಸೈಟ್ ಮಾಡಿಕೊಡುವ ಒಂದು ಸಣ್ಣ ಆಫೀಸು. ಅಂಗಡಿಯವರು, ತಿಂಡಿ ಮಾಡುವವರು, ಎಣ್ಣೆ ತೆಗೆಯುವವರು ಬರುತ್ತಾರೆ. ಅವರ ಸರಕಿನ ಫೋಟೋ ತೆಗೆದು, ನಾಲ್ಕು ಒಳ್ಳೆಯ ಮಾತು ಬರೆದು, ಯಾರಿಗೆ ಯಾವ ಊರಿನಲ್ಲಿ ಜಾಹೀರಾತು ಕಾಣಬೇಕು ಎಂದು ಗೊತ್ತುಮಾಡಿ, ವ್ಯಾಪಾರ ಹೆಚ್ಚಿಸಿಕೊಡುವುದು ನನ್ನ ಕೆಲಸ. ಅಕ್ಕ ಬಂದದ್ದು ಒಂದು ಬೇಸಿಗೆಯಲ್ಲಿ. ಬೇಸಿಗೆ ಖಾರದ ಮಿಲ್ಲಿಗೆ ಸುಗ್ಗಿ. ಮನೆಮನೆಯವರು ಮೆಣಸಿನಕಾಯಿ ಒಣಗಿಸಿ, ಹುರಿದು, ಡಬ್ಬ ಹೊತ್ತುಕೊಂಡು ಸಾಲು ನಿಲ್ಲುವ ಕಾಲ. ಆ ಕಾಲದಲ್ಲಿ ಅವರು ಮಿಲ್ಲು ಬಿಟ್ಟು ಹಾಸನದವರೆಗೆ ಬಂದಿದ್ದರು ಎಂದರೆ ಸಾಲು ಎಷ್ಟಿತ್ತು ಎಂದು ನೀವೇ ತಿಳಿದುಕೊಳ್ಳಬಹುದು.

"ಜನ ಬತ್ತಿಲ್ಲ ಕಣಪ್ಪ," ಎಂದರು ಕೂರುವ ಮೊದಲೇ. "ಮಿಕ್ಸೀಲಿ ಗರ್ ಅನ್ನಿಸ್ಕತಾರೆ. ಇಲ್ಲಾಂದ್ರೆ ಪಾಕೀಟು ತತ್ತಾರೆ. ಮಿಷನ್ನು ಸುಮ್ನೆ ನಿಂತ್ಕಂಡೈತೆ. ನಿಂತ ಮಿಷನ್ನು ಕೆಟ್ಟೋಯ್ತದೆ. ನಾನೂ ಅಂಗೇಯ."

ದಾವಣಗೆರೆಗೆ ಕೊಟ್ಟ ಮಗಳೊಬ್ಬಳಿದ್ದಳು. ಮಿಲ್ಲು ಮಾರಿ ನಮ್ಮ ಮನೆಗೆ ಬಂದುಬಿಡು ಎಂದು ಆಕೆ ಹಿಡಿದ ಹಟ. ಬರುವುದಿಲ್ಲ ಎಂದು ಇವರ ಹಟ. ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. "ಅವ್ಳ ಮನೇಲಿ ನಾನು ಏನ್ ಮಾಡ್ಲಿ? ಸೋಫಾ ಮ್ಯಾಲೆ ಕುಂತ್ಕಂಡು ಟೀವಿ ನೋಡ್ಲಾ?" ಎನ್ನುತ್ತಿದ್ದರು. ಕೊನೆಗೆ ತಾಯಿ ಮಗಳ ನಡುವೆ ಒಪ್ಪಂದವಾಗಿತ್ತು. ಪುಡಿಯನ್ನು ಆನ್‌ಲೈನಿನಲ್ಲಿ ಮಾರಿ ನೋಡುವುದು. ಮಿಷನ್ನಿಗೆ ಕೆಲಸ ಸಿಕ್ಕರೆ ಅಮ್ಮ ಊರಲ್ಲೇ ಇರುವುದು, ಸಿಗದಿದ್ದರೆ ತಕರಾರಿಲ್ಲದೆ ಗಂಟು ಕಟ್ಟುವುದು. ಅವರ ಊರು, ಅವರ ಮಿಷನ್ನು, ಅವರ ದೊಡ್ಡ ದನಿ, ಇಷ್ಟೂ ನಾನು ಮಾಡುವ ಒಂದು ವೆಬ್‌ಸೈಟಿನ ಮೇಲೆ ಬಂದು ನಿಂತಿತ್ತು. ಇಷ್ಟು ದೊಡ್ಡ ಭಾರ ಹೊರಿಸಿದವರು ನನ್ನ ಮಾತು ಕೇಳಬೇಕಿತ್ತೋ ಬೇಡವೋ? ಒಂದು ದಿನವೂ ಕೇಳಲಿಲ್ಲ.

ಆಗ ನಾನು ಮೈಸೂರಿನಲ್ಲಿ ಒಂದು ತರಬೇತಿ ಮುಗಿಸಿಕೊಂಡು ಬಂದಿದ್ದೆ. ಟಾರ್ಗೆಟ್ ಆಡಿಯನ್ಸ್ ಎಂಬ ಮಾತು ಬಾಯಿಯ ತುದಿಯಲ್ಲೇ ಇತ್ತು. ವಸ್ತು ಮಾರುವ ಮೊದಲು ಕೊಳ್ಳುವವರು ಯಾರು ಎಂದು ತಿಳಿದುಕೊಳ್ಳಬೇಕು, ಅವರಿಗೊಂದು ಹೆಸರಿಡಬೇಕು, ವಯಸ್ಸು, ಊರು, ಕೆಲಸ ಎಲ್ಲವನ್ನೂ ಊಹಿಸಿಕೊಳ್ಳಬೇಕು, ಆಮೇಲೆ ಆ ಒಬ್ಬರಿಗೆ ಮಾತಾಡುವಂತೆ ಸೈಟು ಬರೆಯಬೇಕು ಎಂದು ಹೇಳಿಕೊಟ್ಟಿದ್ದರು. ಒಳ್ಳೆಯ ಪಾಠವೇ. ಉತ್ಸಾಹದಿಂದ ಅಕ್ಕನಿಗೂ ಹೇಳಿದೆ.

"ನಿಮ್ಮ ಗಿರಾಕಿ ಯಾರು ಅಂತ ಕಣ್ಣು ಮುಚ್ಚಿ ಯೋಚನೆ ಮಾಡಿ ಅಕ್ಕ. ಅವಳಿಗೊಂದು ಹೆಸರಿಡಿ."

ಅವರು ಕಣ್ಣು ಮುಚ್ಚಲಿಲ್ಲ. "ಇಲ್ದೇ ಇರೋಳ್ಗೆ ನಾನ್ಯಾಕೆ ಹೆಸ್ರು ಮಡುಗ್ಲಿ ಮಗ? ಅವಳಪ್ಪ ಅವ್ವ ಮಡುಗಿರಲ್ವಾ?"

"ಸುಮ್ನೆ ಊಹೆ ಮಾಡಿ ಅಂದೆ."

"ಊಯೆ ಮಾಡದೇನು. ಸಾರು ಮಾಡೋರೆಲ್ಲ ಗಿರಾಕಿನೇಯ. ಸಾರು ಮಾಡ್ದೇ ಇರೋರು ಯಾರವ್ರೆ?"

ಎಲ್ಲರೂ ಗಿರಾಕಿ ಎಂದರೆ ಯಾರೂ ಗಿರಾಕಿ ಅಲ್ಲ ಎಂದು ತರಬೇತಿಯಲ್ಲಿ ಕಲಿತಿದ್ದನ್ನು ಹೇಳಿದೆ. ಅವರು ನನ್ನ ಮುಖವನ್ನು ಕನಿಕರದಿಂದ ನೋಡಿ, ಊಟ ಆಯಿತೇ ಎಂದು ಕೇಳಿದರು.

ಅದೇ ವೇಳೆಗೆ ಚನ್ನರಾಯಪಟ್ಟಣದಿಂದ ಇನ್ನೊಬ್ಬರು ಬರುತ್ತಿದ್ದರು. ಜೈನರು, ಮೂಲ ಜಿನನಾಥಪುರದವರು. ಈರುಳ್ಳಿ ಬೆಳ್ಳುಳ್ಳಿ ಸೋಕದ ಕುರುಕಲು ತಿಂಡಿಗಳ ವ್ಯಾಪಾರ. "ನಮ್ ಗಿರಾಕಿ ಬೆಟ್ಟ ಹತ್ತಿ ಇಳಿದೋರು ಸಾರ್. ಬೆಳಗೊಳಕ್ಕೆ ಬಂದು ಒಂದ್ಸಲ ತಿಂದು ಊರಿಗೆ ಹೋದೋರು. ಅವರಿಗೆ ಹಿಂದೀಲಿ, ಗುಜರಾತೀಲಿ ಬರೀರಿ, ಸಾಕು," ಎಂದರು. ಬರೆದೆ. ಅವರ ತಿಂಡಿ ಎಲ್ಲೆಲ್ಲಿಗೋ ಹೋಗತೊಡಗಿತು. ಅವರು ಕೂತಿದ್ದ ಕುರ್ಚಿಯಲ್ಲೇ ಮಾರನೆಯ ದಿನ ಅಕ್ಕ ಕೂತು, ಸಾರು ಮಾಡುವವರೆಲ್ಲ ಗಿರಾಕಿ ಎನ್ನುತ್ತಿದ್ದರು. ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಕೊನೆಗೆ ನಾನೇ ತೀರ್ಮಾನ ಮಾಡಿದೆ. ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಹೋಗಿ ಕೆಲಸದಲ್ಲಿರುವ ಹುಡುಗ ಹುಡುಗಿಯರು ನಮ್ಮ ಗಿರಾಕಿಗಳು. ಊರಿನ ರುಚಿ ಗೊತ್ತು, ಮಾಡಿಕೊಳ್ಳಲು ಪುರುಸೊತ್ತಿಲ್ಲ. ಇದಕ್ಕಿಂತ ಸರಿಯಾದವರು ಯಾರು? ಅವರಿಗೆ ಕಾಣುವಂತೆ ಜಾಹೀರಾತು ಹಾಕಿದೆ. ಅಕ್ಕ ಎರಡೇ ಷರತ್ತು ಹಾಕಿದರು. ಪುಡಿಯ ಹೆಸರು ಖಾರದ ಪುಡಿ ಎಂದೇ ಇರಬೇಕು, ಕೆಳಗೆ ಅವರ ಫೋನ್ ನಂಬರು ಇರಬೇಕು. ಆ ಎರಡೂ ಎಷ್ಟು ದೊಡ್ಡ ತಲೆನೋವಾಗುತ್ತವೆ ಎಂದು ಆಗ ನನಗೆ ಹೊಳೆಯಲಿಲ್ಲ.

ಜಾಹೀರಾತನ್ನು ಬಹಳ ಜನ ನೋಡಿದರು. ಸೈಟಿಗೂ ಬಂದರು. ಯಾರೂ ಕೊಳ್ಳಲಿಲ್ಲ. ಕಾರಣ ತಿಳಿಯದೆ ಒಂದು ಮಧ್ಯಾಹ್ನ ಬಸ್ಸು ಹತ್ತಿ ಮಿಲ್ಲಿಗೇ ಹೋದೆ. ಅಕ್ಕ ಒಂದು ಕೈಯಲ್ಲಿ ಪುಡಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನುಣುಪು ನೋಡುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಕೂಗಾಡುತ್ತಿದ್ದರು. ಆ ಕಡೆ ಯಾರೋ ಹುಡುಗ ಎಂದು ಗೊತ್ತಾಯಿತು.

"ಯಾವೂರು ನಿಂದು? ಅರಕಲಗೂಡಾ? ಅರಕಲಗೂಡಲ್ಲಿ ಎಲ್ಲಿ?... ಓ, ಸರಿ ಸರಿ. ಅಮ್ಮ ಅವ್ರಾ?... ಅವ್ರಾ? ಗಟ್ಟಿಮುಟ್ಟಾಗವ್ರಾ? ಮತ್ತೆ ನಂತವ ಯಾಕಪ್ಪಾ ತಕತೀಯ? ಅಮ್ಮಂಗೇಳು, ಮಾಡುಸ್ಕೊಡ್ತಾಳೆ. ಮಡುಗ್ಲಾ?"

ಫೋನಿಟ್ಟು ನನ್ನ ಕಡೆ ತಿರುಗಿ ನಕ್ಕರು. ಒಳ್ಳೆಯ ಕೆಲಸ ಮಾಡಿದ ಸಮಾಧಾನ ಮುಖದಲ್ಲಿತ್ತು. ನಾನು ಬಾಗಿಲಲ್ಲೇ ನಿಂತು ಸೀನಿದೆ, ಸೀನಿನ ನಡುವೆಯೇ ಬೈದೆ.

"ಏನಕ್ಕ ಇದು? ಕೊಳ್ಳೋಕೆ ಬಂದ ಗಿರಾಕಿನ ಯಾರಾದ್ರೂ ವಾಪಸ್ ಕಳಿಸ್ತಾರಾ?"

"ಅವ್ರಮ್ಮ ಇರುವಾಗ ನಾನು ಎಂಗ್ ಕೊಡ್ಲಿ? ಅವನು ನಂತವ ಪಾಕೀಟು ತಕಂಡ್ರೆ ಅವ್ರಮ್ಮ ಮೆಣ್ಸಿನಕಾಯಿ ಒಣುಗ್ಸದ ಬುಟ್ಬುಡ್ತಾಳೆ. ಮಿಲ್ಲಿಗೆ ಬರದೇ ಇಲ್ಲ. ಅವರೂರಲ್ಲೂ ಒಂದು ಮಿಲ್ಲಿರ್ತದೆ ಕಣಪ್ಪ, ಅದ್ಕೂ ಒಬ್ಬ ನನ್ನಂತೋಳೋ ನನ್ ಗಂಡನಂತೋನೋ ಇರ್ತಾನೆ."

"ಜಾಹೀರಾತು ಹಾಕಿ ಹಾಕಿ ಅವರನ್ನ ಕರೆದು ತಂದವನು ನಾನು. ನೀವು ಹೊಸಿಲಲ್ಲಿ ನಿಂತು ಓಡಿಸ್ತಿದ್ದೀರಿ."

"ಓಡುಸ್ನಿಲ್ಲ. ಊಟ ಮಾಡ್ಕಂಡು ಓಗು ಅಂದಂಗೆ ಏಳ್ದೆ ಅಷ್ಟೇಯ."

ತಮ್ಮ ಮಿಲ್ಲು ಉಳಿಸಿಕೊಳ್ಳಲು ಹೊರಟವರು, ಯಾರದೋ ಊರಿನ, ಕಂಡು ಕೇಳದ ಮಿಲ್ಲನ್ನು ಉಳಿಸುತ್ತ ಕೂತಿದ್ದರು. ಅದು ಸಾಲದೆಂಬಂತೆ ಅವರ ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು. ಖಾರದ ಪುಡಿ ಎಂದರೇನೆಂದು ಗೊತ್ತಿರುವ ಮನೆಗಳಿಗೆಲ್ಲ ಪುಡಿ ಮನೆಯಿಂದಲೇ ಬರುತ್ತದೆ. ಹಬ್ಬಕ್ಕೆ ಹೋದ ಹುಡುಗ ವಾಪಸು ಬಸ್ಸು ಹತ್ತುವಾಗ ಬ್ಯಾಗಿನಲ್ಲಿ ಒಂದು ಡಬ್ಬ ಇದ್ದೇ ಇರುತ್ತದೆ. ನಾನು ಹುಡುಕಿ ಹುಡುಕಿ ಹಿಡಿದಿದ್ದು ಹೊಟ್ಟೆ ತುಂಬಿದವರ ಸಾಲನ್ನು. ಅಕ್ಕನ ಮೇಲಿನ ಸಿಟ್ಟಿನ ಜೊತೆಗೆ ಆ ಮೈಸೂರಿನ ತರಬೇತಿಯ ಮೇಲೂ ಸಿಟ್ಟು ಬಂತು.

ಹಾಗಾದರೆ ಗೊತ್ತಿಲ್ಲದವರಿಗೇ ಮಾರೋಣ ಎಂದು ಜಾಹೀರಾತನ್ನು ರಾಜ್ಯಕ್ಕೆಲ್ಲ ಬಿಟ್ಟೆ. ಹುಬ್ಬಳ್ಳಿ, ಧಾರವಾಡ, ಗದಗ, ಬೆಳಗಾವಿ ಕಡೆಯಿಂದ ಆರ್ಡರುಗಳು ಬಂದವು. ಮಿಷನ್ನು ತಿರುಗಿತು. ಅಕ್ಕ ಒಂದು ವಾರ ನನ್ನನ್ನು ಹೊಗಳಿದರು. ಫೋನಿನಲ್ಲಿ ಹೊಗಳಿದ್ದರಿಂದ ಪಕ್ಕದ ಜೆರಾಕ್ಸ್ ಅಂಗಡಿಯವರಿಗೂ ಕೇಳಿಸಿತು. ಆಮೇಲೆ ಶುರುವಾಯಿತು.

ಉತ್ತರದ ಕಡೆ ಖಾರದ ಪುಡಿ ಎಂದರೆ ಬರೀ ಒಣಮೆಣಸಿನಕಾಯಿಯ ಪುಡಿ. ಕೆಂಪಗೆ, ಬೆಂಕಿಯಂತೆ ಇರಬೇಕು. ನಮ್ಮ ಕಡೆಯದು ಹಾಗಲ್ಲ. ಮೆಣಸಿನಕಾಯಿಯ ಜೊತೆಗೆ ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಅರಿಸಿನದ ಕೊಂಬು ಎಲ್ಲ ಹುರಿದು ಒಟ್ಟಿಗೆ ಬೀಸಿದ, ಸಾರಿಗೆ ಹಾಕುವ ಪುಡಿ. ನಮಗೆ ಅದೇ ಖಾರದ ಪುಡಿ. ಬೇರೊಂದು ಇರಬಹುದೆಂಬ ಯೋಚನೆಯೇ ನಮ್ಮ ಜಿಲ್ಲೆಯವರಿಗೆ ಬರುವುದಿಲ್ಲ. ಪ್ಯಾಕೆಟ್ಟಿನ ಹಿಂದೆ ಏನೇನಿದೆ ಎಂದು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆವು, ಆದರೆ ಅದನ್ನು ಓದಿ ಕೊಳ್ಳುವವರು ಯಾರು?

ಧಾರವಾಡದ ಕಡೆಯ ಹೆಂಗಸೊಬ್ಬರು ಅಕ್ಕನಿಗೆ ಫೋನು ಮಾಡಿದರು. ಆ ದಿನವೂ ನಾನು ಮಿಲ್ಲಿನಲ್ಲೇ ಇದ್ದೆ, ಪ್ಯಾಕೆಟ್ಟಿನ ಫೋಟೋ ತೆಗೆಯುತ್ತಿದ್ದೆ. ಫೋನನ್ನು ಸ್ಪೀಕರಿಗೆ ಹಾಕಿದ್ದರಿಂದ ಎಲ್ಲ ಕೇಳಿಸಿತು.

"ಏನ್ರೀ ಬಾಯಾರ, ಖಾರದ ಪುಡ್ಯಾಗ ಹವೀಜ ಯಾಕ ಹಾಕೀರಿ?"

ಅಕ್ಕ ಬೆಚ್ಚಿಬಿದ್ದರು. "ಏನು? ಏನಾಕಿದೀನಿ?"

"ಹವೀಜ್ರೀ, ಹವೀಜ. ವಾಸನಿ ಬರಾಕತ್ತೇತಲ್ಲ."

"ಇಲ್ಲ ಕಣಮ್ಮ. ನಾವು ಅಂತವೆಲ್ಲ ಆಕಲ್ಲ. ನನ್ ಮಿಲ್ಲಲ್ಲಿ ಅವೀಜ ಗಿವೀಜ ಬರಕೇ ಬುಡಲ್ಲ. ದೇವ್ರಾಣೆಗೂ ಆಕಿಲ್ಲ."

ನಾನು ಕ್ಯಾಮೆರಾ ಕೆಳಗಿಟ್ಟು ಓಡಿದೆ. ಹವೀಜ ಎಂದರೆ ಕೊತ್ತಂಬರಿ ಬೀಜ ಎಂದು ಸನ್ನೆಯಲ್ಲಿ ಹೇಗೆ ಹೇಳುವುದು? ಕೈ ಬೀಸಿದೆ, ಗೋಣಿಚೀಲದಿಂದ ಒಂದು ಹಿಡಿ ಬೀಜ ಎತ್ತಿ ಅವರ ಮುಖದೆದುರು ಹಿಡಿದೆ. ಅವರು ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿ, ಆಣೆಯ ಮೇಲೆ ಇನ್ನೊಂದು ಆಣೆ ಇಟ್ಟರು. ಆ ಕಡೆಯವರು ಫೋನಿಟ್ಟರು.

ಸಂಜೆಯ ಹೊತ್ತಿಗೆ ಸೈಟಿನಲ್ಲಿ ಅವರ ಅಭಿಪ್ರಾಯ ಬಂದಿತ್ತು, ಪ್ಯಾಕೆಟ್ಟಿನ ಹಿಂಬದಿಯ ಫೋಟೋ ಸಮೇತ. ಕೊತ್ತಂಬರಿ ಬೀಜ ಎಂದು ಇವರೇ ಅಚ್ಚು ಹಾಕಿಸಿದ್ದಾರೆ, ಫೋನಿನಲ್ಲಿ ಕೇಳಿದರೆ ದೇವರ ಮೇಲೆ ಆಣೆ ಮಾಡಿ ಹಾಕಿಲ್ಲ ಎನ್ನುತ್ತಾರೆ, ಕಲಬೆರಕೆಗಿಂತ ಸುಳ್ಳು ದೊಡ್ಡದು ಎಂದು ಬರೆದಿದ್ದರು. ಅದರ ಕೆಳಗೆ ಇನ್ನಷ್ಟು ಜನ ಸೇರಿಕೊಂಡರು. ಆ ಕಡೆಯ ಆರ್ಡರುಗಳು ನಲ್ಲಿ ತಿರುಗಿಸಿದ ಹಾಗೆ ನಿಂತವು.

ವಿಷಯ ತಿಳಿದಾಗ ಅಕ್ಕ ಬಹಳ ನೊಂದುಕೊಂಡರು. "ಕೊತ್ತಂಬ್ರಿ ಬೀಜ ಅಂತ ಬಾಯಿ ಬುಟ್ಟು ಏಳ್ಬಾರ್ದಾ ಅವ್ಳು? ಅವೀಜ ಅಂದ್ರೆ ನಾನು ಎಂತದೋ ಬಣ್ಣದ ಔಸ್ದಿ ಅನ್ಕಂಡೆ." ಆಮೇಲೆ ಆ ಹೆಂಗಸಿಗೆ ತಾವೇ ಫೋನು ಮಾಡಿ, ಆಕೆ ಹಲೋ ಎನ್ನುವಷ್ಟರಲ್ಲಿ, "ಆಕಿದೀನಿ ಕಣಮ್ಮ, ಅವೀಜ ಆಕಿದೀನಿ, ಬೇಜಾನ್ ಆಕಿದೀನಿ," ಎಂದು ಕೂಗಿದರು. ಆಕೆ ಮತ್ತೆ ಫೋನಿಟ್ಟರು. ನಾನು ನಗಬೇಕೋ ಅಳಬೇಕೋ ತಿಳಿಯದೆ ಅಲ್ಲೇ ರಾಗಿ ಮೂಟೆಯ ಮೇಲೆ ಕೂತೆ.

ಇಷ್ಟಾದ ಮೇಲೆ ಯಾರಾದರೂ ಹೆಸರು ಬದಲಿಸಲು ಒಪ್ಪುತ್ತಾರೆ ಎಂದು ನಾನು ತಿಳಿದಿದ್ದೆ. ಸಾಂಬಾರ್ ಪುಡಿ ಎಂದು ಹಾಕೋಣ, ಎಲ್ಲ ಕಡೆಯವರಿಗೂ ಗೊತ್ತಾಗುತ್ತದೆ, ಜಗಳವಿರುವುದಿಲ್ಲ ಎಂದೆ.

"ಸಾಂಬಾರ್ ಪುಡಿ ಓಟ್ಲುದು," ಎಂದರು.

"ಸಾರಿನ ಪುಡಿ?"

"ಅದು ತಿಳಿಸಾರ್ಗೆ ಆಕೋದು. ಅದ್ರ ಮಾತೇ ಬ್ಯಾರೆ."

"ಮಸಾಲೆ ಪುಡಿ?"

"ಕೋಳಿ ಸಾರಿಗಾ?"

"ಅಕ್ಕ, ಹೆಸರು ಯಾವುದಾದ್ರೆ ಏನು? ಒಳಗಿರೋದು ಅದೇ ಪುಡಿ."

ಅವರು ಕೆಲಸ ನಿಲ್ಲಿಸಿ ನನ್ನ ಕಡೆ ತಿರುಗಿದರು. ಸಿಟ್ಟು ಬಂದಾಗ ಅವರ ದನಿ ತಗ್ಗುತ್ತಿತ್ತು, ಅದು ಅಪರೂಪ. "ನೋಡು ಮಗ. ಬ್ಯಾರೆ ಹೆಸ್ರಲ್ಲಿ ಕೊಟ್ರೆ ಬ್ಯಾರೇರ್ಗೆ ಸಿಕ್ತದೆ. ಇದ್ನೇ ಉಡುಕ್ಕಂಡು ಬರೋರ್ಗೆ ಎಂಗೆ ಸಿಕ್ತದೆ?"

"ಇದನ್ನೇ ಹುಡುಕಿಕೊಂಡು ಬರೋರಿಗೆಲ್ಲ ಮನೇಲಿ ಅಮ್ಮ ಇದ್ದಾರೆ. ಅವರನ್ನ ನೀವೇ ವಾಪಸ್ ಕಳಿಸ್ತೀರಿ. ಇನ್ನು ಉಳಿದೋರು ಯಾರು?"

ಅವರು ಮತ್ತೆ ಮಿಷನ್ನಿನ ಕಡೆ ತಿರುಗಿದರು. ಆವತ್ತು ಬಸ್ಸಿನಲ್ಲಿ ಹಾಸನಕ್ಕೆ ಬರುವವರೆಗೂ ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಪದ ಗೊತ್ತಿರುವವರಿಗೆ ಪುಡಿ ಬೇಡ, ಪುಡಿ ಬೇಕಾದವರಿಗೆ ಪದ ಗೊತ್ತಿಲ್ಲ. ಇಂಥ ಮಾರುಕಟ್ಟೆಯನ್ನು ಯಾವ ತರಬೇತಿಯವನು ಬಂದು ಉದ್ಧಾರ ಮಾಡುತ್ತಾನೆ?

ಮಳೆಗಾಲ ಶುರುವಾಗಿ ಮಿಷನ್ನು ಮತ್ತೆ ನಿಂತಿದ್ದಾಗ ಕಲಬುರಗಿಯಿಂದ ಒಂದು ಫೋನು ಬಂತು. ಇದನ್ನು ಅಕ್ಕ ಆಮೇಲೆ ನನಗೆ ಹೇಳಿದ್ದು. ಆ ಹೆಣ್ಣುಮಗಳು ಅರಕಲಗೂಡಿನ ಕಡೆಯವಳು, ಕಲಬುರಗಿಗೆ ಮದುವೆಯಾಗಿ ಹೋಗಿ ಬಹಳ ವರ್ಷವಾಗಿದೆ. ಅಕ್ಕ ಎಂದಿನಂತೆ ಊರು ಕೇಳಿದ್ದಾರೆ, ಎಂದಿನಂತೆ ಅಮ್ಮ ಇದ್ದಾರಾ ಎಂದು ಕೇಳಿದ್ದಾರೆ. ಫೋನು ಕಟ್ಟಾಯಿತೆಂದು ಇವರು ಹಲೋ ಹಲೋ ಎಂದು ಕೂಗಿದ್ದಾರೆ. ಸ್ವಲ್ಪ ಹೊತ್ತಿನ ಮೇಲೆ ಆಕೆ, "ಓದ್ ವರ್ಸ ಓಗ್ಬುಟ್ರು ಅಕ್ಕ. ಡಬ್ಬದಲ್ಲಿ ಉಳ್ದಿದ್ದುದ್ನ ಇಷ್ಟಿಷ್ಟೇ ಆಕ್ತಿದ್ದೆ. ಅದೂ ಮುಗೀತು," ಎಂದಳಂತೆ. ಅಷ್ಟು ವರ್ಷ ಬೇರೆ ಕಡೆ ಇದ್ದರೂ ಅಕ್ಕನ ಜೊತೆ ನಮ್ಮ ಕಡೆಯ ಮಾತೇ ಬಂತಂತೆ ಆಕೆಯ ಬಾಯಲ್ಲಿ. ಇಬ್ಬರೂ ತುಂಬ ಹೊತ್ತು ಮಾತಾಡಿದರು. ಬೆಲೆ ಕೇಳುವುದನ್ನು ಆಕೆ ಮರೆತಳು, ಹೇಳುವುದನ್ನು ಇವರು ಮರೆತರು.

ಮಾರನೆಯ ದಿನ ಬೆಳಿಗ್ಗೆ ನಾನು ಆಫೀಸಿನ ಬಾಗಿಲು ತೆಗೆಯುವ ಮೊದಲೇ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದರು.

"ಗಿರಾಕಿ ಯಾರು ಅಂತ ಗೊತ್ತಾಯ್ತು ಕಣಪ್ಪ. ಬರ್ಕೋ. ಅಮ್ಮ ಇಲ್ದೋರು ಫೋನ್ ಮಾಡಿ ಅಂತ ಮ್ಯಾಲೆ ದಪ್ಪಕ್ಷರದಲ್ಲಿ ಆಕು."

ನಾನು ಒಪ್ಪಲಿಲ್ಲ. ವ್ಯಾಪಾರದ ಬಾಗಿಲಲ್ಲಿ ಅಂಥ ಅಪಶಕುನದ ಮಾತು ಬರೆಯುತ್ತಾರೆಯೇ? ತವರಿನ ರುಚಿ ಎಂದು ಹಾಕುತ್ತೇನೆ, ಅದರಲ್ಲೇ ಎಲ್ಲ ಬಂತು ಎಂದೆ. "ತವರಿನ ರುಚಿ ಅಂತ ಬಿಸ್ಕತ್ ಪಾಕೀಟಿನ್ ಮ್ಯಾಲೂ ಬರ್ದವ್ರೆ," ಎಂದರು. ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಊಟದವರೆಗೆ ವಾದ ನಡೆಯಿತು. ಒಂದೊಂದು ಪದ ನಾನು ತೆಗೆದರೆ ಒಂದೊಂದು ಅವರು ಹಾಕಿಸಿದರು. ಕೊನೆಗೆ ಇಬ್ಬರೂ ಸುಸ್ತಾಗಿ ಒಪ್ಪಿದ್ದು ಇಷ್ಟು: "ನಮ್ಮ ಹಾಸನದ ಕಡೆಯ ಖಾರದ ಪುಡಿ. ನಿಮಗೆ ಮಾಡಿಸಿ ಕಳಿಸುವವರು ಇದ್ದರೆ ಅವರನ್ನೇ ಕೇಳಿ. ಇಲ್ಲದಿದ್ದರೆ ನಮಗೆ ಹೇಳಿ."

ಎರಡನೆಯ ಸಾಲಿನಲ್ಲೇ ಗಿರಾಕಿಯನ್ನು ಬೇರೆ ಕಡೆ ಕಳಿಸುವ ಜಾಹೀರಾತನ್ನು ನಾನು ಮೊದಲೂ ಬರೆದಿರಲಿಲ್ಲ, ಆಮೇಲೂ ಬರೆದಿಲ್ಲ. ಆದರೆ ಅದು ತಲುಪಬೇಕಾದವರಿಗೆ ತಲುಪಿತು. ಹೊಸಪೇಟೆಯಿಂದ, ರಾಯಚೂರಿನಿಂದ, ಪುಣೆಯಿಂದ, ಕಾರವಾರದಿಂದ ಹೆಣ್ಣುಮಕ್ಕಳು ಫೋನು ಮಾಡಿದರು. ನಡುನಡುವೆ ಒಬ್ಬಿಬ್ಬರು ಗಂಡಸರೂ ಇದ್ದರು. ಚನ್ನರಾಯಪಟ್ಟಣದ ಕಡೆಯವನೊಬ್ಬ ಮಿಲಿಟರಿಯಿಂದ ಮಾಡುತ್ತಿದ್ದ. ಒಬ್ಬರೂ ಕಲಬೆರಕೆ ಎನ್ನಲಿಲ್ಲ. ಒಮ್ಮೆ ಕೊಂಡವರು ಮತ್ತೆ ಕೊಂಡರು. ಅಕ್ಕ ಅವರ ಜೊತೆ ಮಾತಾಡುವುದನ್ನು ನೋಡಿದರೆ ಇದು ಮಿಲ್ಲೋ ಹೆರಿಗೆ ಬಾಣಂತನದ ಆಸ್ಪತ್ರೆಯೋ ಎಂಬ ಅನುಮಾನ ಬರುತ್ತಿತ್ತು. ಯಾರಿಗೆ ಎಷ್ಟು ತಿಂಗಳು, ಯಾರ ಮಗು ಸ್ಕೂಲಿಗೆ ಹೋಗಲು ಅಳುತ್ತದೆ, ಎಲ್ಲ ಅವರಿಗೆ ಬೇಕು. ಪುಡಿಯ ಜೊತೆ ಒಣಗಿದ ಕರಿಬೇವು, ಹುಣಸೆಹಣ್ಣು, ಏನಾದರೊಂದು ತುರುಕುತ್ತಿದ್ದರು. ಸೈಟಿನಲ್ಲಿಲ್ಲದ್ದನ್ನು ಕಳಿಸಬೇಡಿ ಎಂದು ನಾನು ಬಡಿದುಕೊಂಡರೆ, "ಬರೀ ಪುಡಿ ಎಂಗ್ ಕಳ್ಸನ, ಚೆಂದಾಗಿರಲ್ಲ," ಎನ್ನುತ್ತಿದ್ದರು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು. ನನ್ನ ನಿಜವಾದ ಸಿಟ್ಟು ಇಲ್ಲಿಂದ ಮುಂದಿನದು. ಗಿರಾಕಿ ಯಾರೆಂದು ತಿಳಿಯಿರಿ, ಅವರ ಮಾತಿನಲ್ಲಿ ಅವರಿಗೆ ಹೇಳಿ, ವ್ಯಾಪಾರ ತಾನಾಗಿ ಬೆಳೆಯುತ್ತದೆ ಎಂದು ನಮಗೆ ಹೇಳಿಕೊಡುತ್ತಾರೆ. ನಾವು ತಿಳಿದೆವು, ಹೇಳಿದೆವು. ಬೆಳೆಯಲಿಲ್ಲ. ಅಂಥವರು ಇದ್ದದ್ದೇ ಅಷ್ಟು. ಒಂದು ಮನೆಗೆ ವರ್ಷಕ್ಕೆ ಎಷ್ಟು ಪುಡಿ ಬೇಕು? ಒಂದು ದಿನ ಮಿಷನ್ನು ಹಾಕಿದರೆ ಅವರೆಲ್ಲರಿಗೂ ತಿಂಗಳುಗಟ್ಟಲೆ ಆಗಿ ಮಿಗುತ್ತಿತ್ತು. ಉಳಿದ ದಿನ ಅಕ್ಕ ಮಿಷನ್ನಿನ ಪಕ್ಕದಲ್ಲಿ ಕೂತು ಫೋನಿನಲ್ಲಿ ಬಾಣಂತನ ಮಾಡಿಸುತ್ತಿದ್ದರು. ಅವರನ್ನು ಕಂಡರೆ ಗಿರಾಕಿಗಳಿಗೆ ಪ್ರಾಣ, ಆದರೆ ಅಷ್ಟು ಜನರ ಪ್ರಾಣ ಒಂದು ಮಿಲ್ಲನ್ನು ಸಾಕುವುದಿಲ್ಲ. ಇದಕ್ಕೆ ಯಾರನ್ನು ಬೈಯುವುದು? ನಾನು ಜಾಹೀರಾತನ್ನು ಹಾಗೆ ಬದಲಿಸಿದೆ, ಹೀಗೆ ಬದಲಿಸಿದೆ, ಹುಡುಕಾಟದಲ್ಲಿ ನಮ್ಮ ಪುಟ ಮೊದಲು ಬರಲಿ ಎಂದು ಗೊತ್ತಿದ್ದ ಉಪಾಯವನ್ನೆಲ್ಲ ಮಾಡಿದೆ. ಎರಡನೆಯ ಬೇಸಿಗೆಗೆ ಊರ ಹೆಂಗಸರ ಸಾಲು ಇನ್ನೂ ಕರಗಿತು. ಮಗಳು ದಾವಣಗೆರೆಯಿಂದ ಬಂದು ತಾಯಿಗೆ ಒಪ್ಪಂದ ನೆನಪಿಸಿದಳು. ಕೆಟ್ಟವಳಲ್ಲ ಆಕೆ, ಕಣ್ಣಲ್ಲಿ ನೀರು ತುಂಬಿಕೊಂಡೇ ಹೇಳಿದಳು.

ಮಿಷನ್ನನ್ನು ಲಾರಿಗೆ ಏರಿಸುವ ದಿನ ನಾನೂ ಹೋಗಿದ್ದೆ. ಅಕ್ಕ ಅಳಲಿಲ್ಲ. ಏರಿಸುವವರಿಗೆ ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಲಾರಿ ತಿರುವು ದಾಟಿದ ಮೇಲೆ ನನ್ನ ಕಡೆ ನೋಡಿ, "ನೀನು ಸೋತಂಗೆ ಮಕ ಮಾಡ್ಕಬ್ಯಾಡ. ನೀನು ಏಳ್ದಂಗೆ ನಾನು ಕೇಳ್ನಿಲ್ಲ," ಎಂದರು. ಕೇಳಿದ್ದರೂ ಇಷ್ಟೇ ಆಗುತ್ತಿತ್ತೋ ಏನೋ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಸೈಟನ್ನು ಮುಚ್ಚಲೂ ಮನಸ್ಸಾಗಲಿಲ್ಲ. ಸದ್ಯಕ್ಕೆ ಸರಕು ಇಲ್ಲ ಎಂದು ಬರೆದು ಹಾಗೇ ಬಿಟ್ಟೆ.

ಮೊನ್ನೆ ದಾವಣಗೆರೆಯಿಂದ ಅಕ್ಕನ ಫೋನು ಬಂತು. ದನಿ ಸಣ್ಣದಾಗಿತ್ತು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಳ್ಳಬೇಕಾಯಿತು.

"ತಂದಿದ್ದ ಪುಡಿ ಮುಗ್ದೋಯ್ತು ಕಣ್ ಮಗ. ಅಂಗ್ಡೀಲಿ ಖಾರದ ಪುಡಿ ಕೊಡಪ್ಪಾ ಅಂದ್ರೆ ಬರೀ ಮೆಣ್ಸಿನಕಾಯಿ ಪುಡಿ ಕೊಟ್ಟ. ಸಾರು ಬಾಯ್ಗೆ ಆಕಕ್ಕಾಯ್ತಿಲ್ಲ."

"ನೀವೇ ಮಾಡಿಕೊಳ್ಳಬಹುದಲ್ಲ ಅಕ್ಕ."

"ಇದು ಮ್ಯಾಲಿನ್ ಮನೆ. ಮೆಣ್ಸಿನಕಾಯಿ ಉರುದ್ರೆ ಬಿಲ್ಡಿಂಗೆಲ್ಲ ಕೆಮ್ತಾರೆ, ಜಗಳಕ್ ಬತ್ತಾರೆ. ಇಲ್ಲಿ ಮಿಲ್ಲೋನು ಕೊತ್ತಂಬ್ರಿ ಬೀಜ ಬೆರ್ಸಿದ್ರೆ ಬೀಸಲ್ಲ ಅಂತಾನೆ. ಅದ್ಕೇ ಫೋನ್ ಮಾಡ್ದೆ. ನಿನ್ ಕಂಪ್ಯೂಟ್ರಲ್ಲಿ ಉಡುಕಿ ನೋಡು, ನಮ್ ಕಡೆ ಖಾರದ ಪುಡಿ ಯಾರಾರ ಕಳುಸ್ತಾರಾ ಅಂತ."

ಹುಡುಕಿದೆ. ಹಾಸನದ ಕಡೆಯ ಖಾರದ ಪುಡಿ ಎಂದು ಟೈಪು ಮಾಡಿದೆ. ಅಷ್ಟು ದಿನ ನಾನು ಒದ್ದಾಡಿದರೂ ಎಲ್ಲೋ ಕೆಳಗೆ ಬಿದ್ದಿರುತ್ತಿದ್ದ ಪುಟ ಎಲ್ಲಕ್ಕಿಂತ ಮೇಲೆ ಬಂತು.

"ಸಿಕ್ತಾ?"

"ಸಿಕ್ತು ಅಕ್ಕ."

"ಯಾರ್ದು?"

"ನಿಮ್ಮದೇ."

ಆ ಕಡೆ ಟೀವಿಯ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು.

"ಏನಂತ ಬರ್ದೈತೆ ಅದ್ರಲ್ಲಿ?"

"ಸದ್ಯಕ್ಕೆ ಸರಕು ಇಲ್ಲ ಅಂತ."

"ಸದ್ಯಕ್ಕೆ ಅನ್ನದ ತಗ್ದಾಕ್ಬುಡು ಮಗ," ಎಂದರು. "ಆ ಕಲಬುರ್ಗಿ ಹೆಣ್ಮಗ ನೋಡ್ಕಂಡು ಕಾಯ್ತಾ ಕುಂತಿರ್ತಾಳೆ."

ಒಂದೊಂದು ಪದಕ್ಕೂ ಅವರ ಜೊತೆ ಜಗಳವಾಡಿದವನು ನಾನು. ಈ ಪದಕ್ಕೂ ಆಡಬೇಕೆನಿಸಿತು. ಅವರು ಫೋನು ಇಡದೆ ಕಾಯುತ್ತಿದ್ದರು. ಪುಟ ತೆರೆದು ಅಳಿಸಿದೆ.

"ತೆಗೆದೆ ಅಕ್ಕ."

"ಈಗ ಏನಂತ ಐತೆ? ಓದು."

"ಸರಕು ಇಲ್ಲ."

"ಊಂ," ಎಂದು ಫೋನಿಟ್ಟರು.